ಬುತ್ತಿಗೆ ಪರ್ಮಿಶನ್ ಇಲ್ಲ

ಸಂಕ್ರಾಂತಿಗೆ ಹೊಳೆಗೆ ಹೋಗಿ, ಎಳ್ಳು ಹಚ್ಚಿಕೊಂಡು ಮಿಂದು, ದಂಡೆಯಲ್ಲೇ ಬುತ್ತಿ ಬಿಚ್ಚಿ ಉಣ್ಣಬೇಕು. ಜಮಖಂಡಿ ಕಡೆಯವರಾದ ನಮಗೆ ಹಬ್ಬವೆಂದರೆ ಅದೇ. ನಾನು ಗೋಗರೆದು ಗಡಿಯಾಚೆಯ ಕಲ್ಯಾಣಕ್ಕೆ ಕರೆತಂದಿದ್ದ ಅವ್ವ ದೀಪಾವಳಿಯಿಂದ ಒಂದೇ ರಾಗ ಎಳೆಯುತ್ತಿದ್ದಳು.

"ಹೊಳಿ ಇಲ್ಲದ ಊರಾಗ ನಾ ಹೆಂಗ ಇರಲಿ? ಸಂಕ್ರಾಂತಿ ಮುಗದ ಕೂಡಲೆ ಟಿಕೀಟು ತಗಸು. ನಿನ್ನ ತಮ್ಮನ ಮನಿಗೆ ಹೋಗ್ತೀನಿ."

ನನಗೋ ಅವಳು ಇಲ್ಲೇ ಇರಬೇಕು. ಹಟಕ್ಕಲ್ಲ, ಅವಳಿದ್ದರೆ ಮನೆಯಲ್ಲಿ ನನ್ನ ಜೊತೆ ಕನ್ನಡದಲ್ಲಿ ಜಗಳಾಡುವವರು ಒಬ್ಬರಾದರೂ ಇರುತ್ತಾರೆ. ಮಗಳಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವಳೇ ಮೊಬೈಲ್ ಹಿಡಿದು ಬಂದಳು. "ಆಜಿ, ಯೇ ದೇಖೋ, ನದೀ ಕೇ ಬಾಜೂ ಮೇ ನಯಾ ಟ್ರ್ಯಾಕ್ ಬನಾ ಹೈ. ಏಕ್‌ದಮ್ ಮಸ್ತ್." ಹೊಳೆಯ ಪಕ್ಕದಲ್ಲೇ ನಡೆಯಲು, ಸೈಕಲ್ ತುಳಿಯಲು ಹೊಸ ದಾರಿ ಮಾಡಿದ್ದಾರಂತೆ.

ಹಬ್ಬದ ದಿನ ಬೆಳಗಾಗುವ ಮೊದಲೇ ಎದ್ದು ಸಜ್ಜೆ ರೊಟ್ಟಿ ಬಡಿದೆ. ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ ಎಲ್ಲ ಸೇರಿಸಿ ಅವ್ವ ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿದಳು. ಸ್ಟೀಲ್ ಡಬ್ಬಿ ಬೇಡವೇ ಬೇಡವಂತೆ. ಮೂವರೂ ಆ ಟ್ರ್ಯಾಕಿನ ಮುಂದೆ ರಿಕ್ಷಾ ಇಳಿದು ನೋಡಿದರೆ ಗೇಟಿನಲ್ಲೇ ವಾಚ್‌ಮನ್ ಅಡ್ಡಗಟ್ಟಿದ.

"ಖಾನೇ ಕಾ ಡಬ್ಬಾ ಅಂದರ್ ಅಲೌಡ್ ನಹೀ."

"ಡಬ್ಬಿ ಅಲ್ಲಪಾ, ಬುತ್ತಿ ಇದು," ಎಂದಳು ಅವ್ವ, ಅವನಿಗೆ ಕನ್ನಡ ಬಂದೇ ಬರುತ್ತದೆ ಎಂಬಂತೆ.

ಅವನ ಮುಖ ಅರಳಿತು. "ನಮ್ಮ ಜತ್ತ ಕಡೆನೂ ಕಟ್ತಾರ್ರಿ ಅವ್ವಾರ. ಸಂಕ್ರಾಂತಿ ಬುತ್ತಿ." ಸದ್ಯ, ಬದುಕಿದೆ ಎಂದುಕೊಂಡು ಒಂದು ಹೆಜ್ಜೆ ಮುಂದಿಟ್ಟೆ. ಅವನು ಕೋಲನ್ನು ಅಡ್ಡ ಹಿಡಿದೇ ಇದ್ದ. "ಆದ್ರ ಬುತ್ತಿಗೂ ಪರ್ಮಿಶನ್ ಇಲ್ರಿ."

ನನಗೆ ಮೈ ಉರಿಯಿತು. ಯಾವ ಭಾಷೆಯಲ್ಲಿ ಹೇಳಿದರೂ ಇಲ್ಲ ಎನ್ನುವುದಾದರೆ ಕನ್ನಡ ಬಂದು ಏನು ಉಪಯೋಗ? ಬುತ್ತಿಯನ್ನು ಅವನ ಕುರ್ಚಿಯ ಮೇಲಿಟ್ಟು ಒಳಗೆ ಹೋದೆವು.

ಒಳಗಿನ ಚೆಂದವನ್ನೂ ಹೇಳಿಬಿಡುತ್ತೇನೆ. ನಡೆಯುವವರಿಗೆ ಹಾಸಿದ ಕಲ್ಲು ಅಲ್ಲಲ್ಲಿ ಎದ್ದಿತ್ತು. ಸೈಕಲ್ಲಿನ ನೀಲಿ ದಾರಿ ನುಣ್ಣಗಿತ್ತು. ಮಂಡಿನೋವಿನ ಅವ್ವ ನುಣ್ಣನೆಯದನ್ನೇ ಹಿಡಿದಳು. ಹೆಲ್ಮೆಟ್ ಧರಿಸಿದವರೆಲ್ಲ ಹಿಂದಿನಿಂದ ಬಂದು ಗಂಟೆ ಬಾರಿಸಿ "ಆಂಟೀ, ಸೈಡ್" ಎನ್ನುವವರೇ. "ಗುಡಿಯಾಗೂ ಇಷ್ಟ ಗಂಟಿ ಬಾರಸೂದಿಲ್ಲ," ಎಂದು ಅವ್ವ ಗೊಣಗಿದಳೇ ಹೊರತು ದಾರಿ ಬಿಡಲಿಲ್ಲ. ಕೂರಲು ಬೆಂಚಿದ್ದಲ್ಲಿ ನೆರಳಿಲ್ಲ, ನೆರಳಿದ್ದಲ್ಲಿ ಫೋಟೋ ತೆಗೆಸಿಕೊಳ್ಳುವ ಜೋಡಿಗಳು. ನೀರಿಗಿಳಿಯಲು ಒಂದೇ ಒಂದು ಮೆಟ್ಟಿಲಿಲ್ಲ. ಉದ್ದಕ್ಕೂ ಎದೆಮಟ್ಟದ ಕಂಬಿ, ಅದರಾಚೆ ಆಳದಲ್ಲಿ ಅಂತರಗಂಗೆ ಕವಿದ ಹೊಳೆ.

ಅವ್ವ ಸೆರಗಿನ ತುದಿಯಿಂದ ಎಳ್ಳಿನ ಪೊಟ್ಟಣ ಬಿಚ್ಚಿದಳು. ಕಂಬಿಯ ಸಂದಿಯಲ್ಲಿ ಕೈ ತೂರಿಸಿ, ಸಿಗದ ನೀರಿನ ಕಡೆಗೆ ಬೆರಳು ಚಾಚಿ, ಒಂದಿಷ್ಟು ಎಳ್ಳನ್ನು ಕೆಳಗೆ ಬಿಟ್ಟಳು. ಮುಗಿಯಿತು, ನಾಳೆಯೇ ಟಿಕೀಟು ಎಂದುಕೊಂಡೆ.

ಕೊನೆಗೆ ಉಂಡದ್ದು ಗೇಟಿನ ಹೊರಗೆ, ರಿಕ್ಷಾ ಸ್ಟ್ಯಾಂಡಿನ ಎದುರು, ಫುಟ್‌ಪಾತಿನ ಅಂಚಿನಲ್ಲಿ ಕೂತು. ವಾಚ್‌ಮನ್ ಗಂಟು ತಂದುಕೊಟ್ಟವನು ಅಲ್ಲೇ ಸುಳಿದಾಡುತ್ತಿದ್ದ. ಅವ್ವ ರೊಟ್ಟಿಯ ಮೇಲೆ ಎಣ್ಣೆಗಾಯಿ ಹಾಕಿ ಅವನ ಕೈಗಿಟ್ಟಳು. ಅವನು ತಿನ್ನುತ್ತಿರುವಷ್ಟು ಹೊತ್ತೂ ಬೈದಳು: ಕಂಬಿ ಹಾಕಿದವರ ಬುದ್ಧಿಗೆ, ಮೆಟ್ಟಿಲು ಮರೆತವರಿಗೆ, ರೊಟ್ಟಿ ತಡೆದ ಅವನಿಗೆ. "ಹೌದ್ರಿ ಅವ್ವಾರ, ಖರೇ ಐತ್ರಿ," ಎನ್ನುತ್ತಾ ಅವನು ಮೊಸರನ್ನಕ್ಕೂ ಕೈ ಒಡ್ಡಿದ. ಮಗಳು ನಾಚಿಕೊಂಡು ಫೋನಿನಲ್ಲಿ ಮುಖ ಹುದುಗಿಸಿದ್ದಳು.

ಖಾಲಿ ಬಟ್ಟೆಯನ್ನು ಕೊಡವಿ ಮಡಿಸುತ್ತಾ ಅವ್ವ ಅಂದಳು, "ಬರೂ ವರ್ಷ ಇವಗ ಬ್ಯಾರೆ ಒಂದು ಬುತ್ತಿ ಕಟ್ಟಬೇಕು. ನಮ್ಮದರಾಗ ಅರ್ಧ ಇವನೇ ತಿಂದ."

"ಮತ್ತ ನಿನ್ನ ಟಿಕೀಟು?" ಎಂದೆ.

"ಯಾವ ಟಿಕೀಟು? ಮೊದಲ ರಿಕ್ಷಾ ಕರಿ, ಕಾಲು ನೋಯಾಕತ್ತಾವು."