ಬೋರಲು ಬಿದ್ದಿದ್ದ ಕಲ್ಲು

ಕಾಗದದಲ್ಲೋ ಕಲ್ಲಿನಲ್ಲೋ ಇಲ್ಲದ್ದನ್ನು ನಾನು ನಂಬುತ್ತಿರಲಿಲ್ಲ. ಮೈಸೂರಿನಲ್ಲಿ ಇತಿಹಾಸ ತೆಗೆದುಕೊಂಡು ಬಿ.ಎ. ಓದುತ್ತಿದ್ದ ಕಾಲ ಅದು. ವಿಶ್ವವಿದ್ಯಾನಿಲಯ ಆರಂಭವಾಗಿ ಇನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ರಜೆಗೆ ಅಜ್ಜಂಪುರದ ಮನೆಗೆ ಬಂದಾಗ ಸೋದರತ್ತೆ ದೆವ್ವದ ಕಥೆ ಶುರುಮಾಡಿದರೆ, "ಅದಕ್ಕೆ ಆಧಾರ ಏನತ್ತೆ?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನು ಹೇಳಹೊರಟಿರುವುದಕ್ಕೂ ಆಧಾರವಿಲ್ಲ. ನಂಬಲೇಬೇಕೆಂದು ನಿಮ್ಮನ್ನು ಕೇಳಲಾರೆ.

ಆ ಬೇಸಿಗೆಯಲ್ಲಿ ನಮ್ಮ ಪ್ರೊಫೆಸರರು, ಊರ ಸುತ್ತಮುತ್ತ ಯಾರೂ ಓದದ ಶಾಸನಗಳಿದ್ದರೆ ಪ್ರತಿ ಮಾಡಿಕೊಂಡು ಬಾ ಎಂದಿದ್ದರು. ಯಗಟಿಯ ಹತ್ತಿರದ ಹಳ್ಳಿಯೊಂದರಲ್ಲಿ ಸಿದ್ದೇಗೌಡರೆಂಬ ರೈತರ ಕಣದ ಅಂಚಿಗೆ ಚಪ್ಪಡಿಯೊಂದು ಬೋರಲಾಗಿ ಹೂತಿದೆ, ಅಡಿಗೆ ಕೈ ತೂರಿಸಿದರೆ ಕೆತ್ತನೆ ತಾಕುತ್ತದೆ ಎಂದು ಯಾರೋ ಹೇಳಿದರು. ಕಡೂರಿನ ತನಕ ರೈಲಿನಲ್ಲಿ ಹೋಗಿ, ಅಲ್ಲಿಂದ ಎತ್ತಿನ ಗಾಡಿ ಹಿಡಿದೆ. ಗೌಡರು ಮರುದಿನ ಬೆಳಗ್ಗೆ ನಾಲ್ಕು ಆಳುಗಳನ್ನೂ ಹಾರೆಗಳನ್ನೂ ಹೊಂದಿಸಿಕೊಟ್ಟರು.

ಅವರ ತಾಯಿ ಅಲ್ಲೇ ಹುಣಸೆಮರದ ನೆರಳಲ್ಲಿ ಕುಳಿತಿದ್ದರು. ಹಣ್ಣು ಹಣ್ಣು ಮುದುಕಿ, ಎರಡೂ ಕಣ್ಣು ಕಾಣುತ್ತಿರಲಿಲ್ಲ. ಹಾರೆ ಮೀಟಿ ಕಲ್ಲು ಅಲುಗಿದ್ದೇ ತಡ, ಎದ್ದು ನಿಂತರು.

"ಮೆಲ್ಲಗೆ ಎತ್ರಪ್ಪಾ, ಮಾಚನ ಮಕ ಕೆಳಗೈತೆ."

ಮಾಚ ಯಾರೆಂದು ಕೇಳಿದೆ.

"ದನ ಬಿಡಿಸ್ಕಂಡು ಬರಕ್ಕೋಗಿ ಸತ್ತ. ಕಾಳವ್ವೆ ಮಗ. ಅವಳೇ ಈ ಕಲ್ಲು ನಿಲ್ಸಿದ್ಲು."

ನಾನು ನಕ್ಕೆ. ದನ ಬಿಡಿಸಲು ಹೋಗಿ ಸತ್ತವರ ವೀರಗಲ್ಲುಗಳು ನಮ್ಮ ಕಡೆ ಬೇಕಾದಷ್ಟಿವೆ. ಎಲ್ಲೋ ಕೇಳಿದ್ದಿರಬೇಕು ಎಂದುಕೊಂಡೆ.

ಕಲ್ಲು ಎದ್ದಿತು. ಮಣ್ಣು ತೊಳೆದರೆ ಐದು ಸಾಲಿನ ಹಳಗನ್ನಡ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತ ಹೋದೆ. ಸತ್ತವನು ಮಾಚ. ಕಲ್ಲು ನಿಲ್ಲಿಸಿದವಳು ಅವನ ತಾಯಿ ಕಾಳವ್ವೆ. ಮೊದಲ ಸಾಲಿನಿಂದ ಇನ್ನೊಮ್ಮೆ ಓದಿದೆ.

ಮುದುಕಿ ತಡವುತ್ತ ಬಂದು ಕಲ್ಲಿಗೆ ಒರಗಿ ಕುಳಿತರು. "ಕೊನೇ ಸಾಲು ಓದು ಮಗಾ. ಸಾಯೋವಾಗ ಅವನಿಗೆ ನೀರು ಕೊಟ್ಟೋರು ಯಾರು? ಅದೊಂದು ಮರ್ತೋಗೈತೆ ಕಣಪ್ಪಾ."

ಕೊನೆಯ ಸಾಲು ಪೂರ್ತಿ ಸವೆದಿತ್ತು. ನೀರು ಹಾಕಿ ಉಜ್ಜಿದೆ, ಇದ್ದಿಲು ತಿಕ್ಕಿದೆ, ನೆಲಕ್ಕೆ ಕೆನ್ನೆಯೂರಿ ಓರೆಯಿಂದ ನೋಡಿದೆ. ಒಂದು ಅಕ್ಷರವೂ ಸಿಗಲಿಲ್ಲ.

"ಅಕ್ಷರ ಹೋಗಿದೆ ಅಜ್ಜಿ."

ಆಕೆ ನನ್ನ ಮುಂಗೈ ಹಿಡಿದುಕೊಂಡರು. "ಓದಿದೋನು ಕಣೋ ನೀನು! ನಿಂಗೂ ಗೊತ್ತಾಗಕಿಲ್ವಾ?"

ಅಂದು ಬೆಳಗ್ಗೆಯಷ್ಟೇ ಮಗನನ್ನು ಕಳೆದುಕೊಂಡವರಂತೆ ಅತ್ತರು. ಏನಾದರೂ ಒಂದು ಹೆಸರು ಕಟ್ಟಿ ಹೇಳಿಬಿಡೋಣ ಎನ್ನಿಸಿತು. ನಾಲಿಗೆ ಏಳಲಿಲ್ಲ. ಕೊನೆಗೆ ಗೌಡರೇ ಬಂದು ತಾಯಿಯನ್ನು ಒಳಗೆ ಕರೆದುಕೊಂಡು ಹೋದರು. ಹಿಂದಿರುಗಿ ಬಂದು ದನಿ ತಗ್ಗಿಸಿ ಹೇಳಿದರು.

"ನಮ್ಮವ್ವ ಲಕ್ಕವಳ್ಳಿ ಕಡೆಯೋಳು ಸ್ವಾಮಿ. ಈ ಕಲ್ಲು ನಮ್ ತಾತನ ಕಾಲದಿಂದ್ಲೂ ಹಿಂಗೇ ಬಿದ್ದಿತ್ತು. ಮಾಚ ಅನ್ನೋ ಹೆಸರು ನಾನು ಕೇಳಿದ್ದೇ ಇವತ್ತು."

ಮೈಸೂರಿನಲ್ಲಿ ಪ್ರೊಫೆಸರರು ನನ್ನ ಪ್ರತಿಯನ್ನು ಭೂತಗನ್ನಡಿ ಹಿಡಿದು ನೋಡಿದರು. ಕೊನೆಯ ಸಾಲು ಅವರಿಗೂ ದಕ್ಕಲಿಲ್ಲ. ಮುದುಕಿಯ ವಿಷಯ ಹೇಳಿದಾಗ, "ಜನರ ಬಾಯಲ್ಲಿ ಉಳಿದು ಬಂದಿರಬಹುದು. ವರದಿಯಲ್ಲಿ ಅದು ಬೇಡ," ಎಂದರು. ಹಾಗೇ ಇರಬೇಕು ಎಂದು ನಾನೂ ಎಷ್ಟೋ ಸಲ ಹೇಳಿಕೊಂಡೆ.

ಆದರೂ ದಸರಾ ರಜೆಯಲ್ಲಿ ಕಾಲು ನನ್ನನ್ನು ಆ ಹಳ್ಳಿಗೇ ಎಳೆಯಿತು. ಆಕೆ ಜಗಲಿಯ ಮೇಲೆ ಕುಳಿತಿದ್ದರು. "ಅಜ್ಜಿ, ಆ ಸಾಲು ನಮ್ಮ ಮೇಷ್ಟರಿಗೂ ಓದಲಾಗಲಿಲ್ಲ," ಎಂದೆ.

"ಯಾರಪ್ಪಾ ನೀನು? ಯಾವ ಸಾಲು?"

ಮಾಚನ ಹೆಸರು ಹೇಳಿದೆ. ಕಾಳವ್ವೆಯ ಹೆಸರು ಹೇಳಿದೆ. ಇಲ್ಲವೆಂದು ತಲೆಯಾಡಿಸಿ, "ಬಿಸಿಲಲ್ಲಿ ಬಂದವ್ನೆ, ಮಜ್ಜಿಗೆ ಕೊಡ್ರೋ," ಎಂದು ಒಳಕ್ಕೆ ಕೂಗಿದರು. ಅದು ನಟನೆಯಲ್ಲ, ಆಣೆ ಮಾಡಿ ಹೇಳಬಲ್ಲೆ.

ಮಜ್ಜಿಗೆ ಕುಡಿದು ಹೊರಟುಬಂದೆ. ಆ ಹೆಸರುಗಳು ಆಕೆಗೆ ಎಲ್ಲಿಂದ ಬಂದವು, ಎಲ್ಲಿಗೆ ಹೋದವು, ಇವತ್ತಿಗೂ ನನಗೆ ತಿಳಿಯದು. ಕೇಳೋಣವೆಂದರೆ, ಯಾರನ್ನು ಕೇಳಲಿ?