ಅದು ಪಂದ್ಯವಾಗಿರಲಿಲ್ಲ

ಬೆಳಿಗ್ಗೆ ಹತ್ತೂವರೆಗೆ ಮಾಲೀಕರ ಮಗ ಗೋದಾಮಿನ ಬಾಗಿಲಲ್ಲಿ ನಿಂತು, ಐವತ್ತು ದಾಟಿದವರು ಹೊರಗೆ ಬರಬೇಕೆಂದ. ಅಲ್ಲಿಂದಲೇ ಎಲ್ಲ ಕೆಟ್ಟಿತು.

ಅಣ್ಣಿಗೇರಿ ಹತ್ತಿರದ ಆ ಬೇಳೆ ಮಿಲ್ಲಿನಲ್ಲಿ ನಾನು ಬಿ.ಕಾಂ. ಮುಗಿಸಿ ಲೆಕ್ಕ ಬರೆಯುತ್ತಿದ್ದೆ. ಐವತ್ತು ದಾಟಿದವರೆಂದರೆ ಅಲ್ಲಿ ಒಬ್ಬರೇ, ಜರಡಿ ಯಂತ್ರ ನೋಡಿಕೊಳ್ಳುವ ಕಾಕಾ. ಕಡಲೆಯಿಂದ ಕಲ್ಲು ಬೇರೆ ಮಾಡುವುದು ಅವರ ಕೆಲಸ. ಚೀಲ ಹೊರುವುದು ಹಮಾಲರದ್ದು. ಮಾಲೀಕರ ಮಗನಿಗೆ ಅದು ಗೊತ್ತಿತ್ತು. ಗೊತ್ತಿದ್ದೇ ಕ್ವಿಂಟಲ್ ಚೀಲ ತೋರಿಸಿದ.

“ಇದನ್ನ ಲಾರಿಗೆ ಏರಸ್ರಿ ಕಾಕಾ. ಆಗಲಿಲ್ಲಂದ್ರ ನಾಳಿಂದ ಮನ್ಯಾಗ ಆರಾಮ ಇರ್ರಿ.”

ಇಷ್ಟು ಹೇಳಿ ಬಾಜೂಕ ಸರಿದು ನಿಂತ. ಕಾಕಾ ಒಲ್ಲೆ ಎನ್ನಬಹುದಿತ್ತು. ಆದರೆ ನಮ್ಮ ಕಡೆ ಹಬ್ಬಕ್ಕೊಮ್ಮೆ ಚೀಲ ಎತ್ತುವ ಪಂದ್ಯ ನಡೆಯುತ್ತದೆ. ಪ್ರಾಯದಲ್ಲಿ ಅವರು ಮೊಹರಮ್ಮಿಗೆ ಚೀಲ ಎತ್ತಿ ಬೆಳ್ಳಿ ಕಡಗ ಗೆದ್ದವರು. ನಾಲ್ಕು ಜನರೆದುರು ಚೀಲದ ಮುಂದೆ ನಿಂತ ಮೇಲೆ ಅಂಥವರು ಹಿಂದೆ ಸರಿಯುವುದಿಲ್ಲ. ಲಾರಿ ಹತ್ತಿರವಿದ್ದ ಹಮಾಲರಿಗೆ ಮಾಲೀಕರ ಮಗನ ಮಾತು ಕೇಳಿಸಿರಲಿಲ್ಲ, ಇದನ್ನು ಪಂದ್ಯವೆಂದೇ ತಿಳಿದು ಸುತ್ತ ನೆರೆದರು. ಒಬ್ಬ ಶಿಳ್ಳೆ ಹೊಡೆದ, ಇನ್ನೊಬ್ಬ ಮೊಬೈಲ್ ಹಿಡಿದ. ಎಲ್ಲ ಪ್ರೀತಿಯಿಂದಲೇ.

ಕಾಕಾ ಚೀಲ ಹೊತ್ತು, ಲಾರಿಗೆ ಹಾಕಿದ ಹಲಗೆಯ ಅರ್ಧಕ್ಕೆ ಬಂದಾಗ ಅವರ ಮೊಣಕಾಲು ಅದುರಿತು. ಕೆಳಗೆ ಬಿದ್ದರು, ಚೀಲ ಕತ್ತಿನ ಮೇಲೆ ಬಿತ್ತು. ಒಂದು ಕೈ ಮಾತ್ರ ನೆಲ ಕೆರೆಯುತ್ತಿತ್ತು. ಆಮೇಲೆ ಅದೂ ನಿಂತಿತು. ಹಮಾಲರು ಚೀಲ ಸರಿಸುವಷ್ಟರಲ್ಲಿ ತುಟಿ ನೀಲಿಗಟ್ಟಿತ್ತು. ಇನ್ನೊಂದಿಷ್ಟು ತಡವಾಗಿದ್ದರೆ ಎಂದು ಇವತ್ತಿಗೂ ಯೋಚಿಸುತ್ತೇನೆ. ಊಟಕ್ಕೆ ಕೂತಾಗಲೂ ಆ ಕೈ ಕಾಣುತ್ತದೆ.

ಉಸಿರು ಮರಳಿತು, ಕೆಲಸ ಹೋಯಿತು. ಕಾಕಾ ಆಸ್ಪತ್ರೆಯಲ್ಲಿದ್ದಾಗಲೇ ಮಾಲೀಕರು ಅವರನ್ನು ತೆಗೆದುಹಾಕಿದರು. ಕೆಲಸದ ವೇಳೆಯಲ್ಲಿ ಪಂದ್ಯ ಕಟ್ಟಿದರಂತೆ, ಅದಕ್ಕೆ. ಸಾಕ್ಷಿಗೆ ಆ ವಿಡಿಯೋ. ಅದರಲ್ಲಿ ಶಿಳ್ಳೆ ಇತ್ತು, ನಗು ಇತ್ತು, ಹುಕುಮು ಕೊಟ್ಟ ಬಾಯಿ ಇರಲಿಲ್ಲ. ನಿಮಗೆ ವಯಸ್ಸಾಯಿತು, ನೀವು ಬೇಡ ಎಂದು ಮುಖಕ್ಕೆ ಹೇಳುವ ಧೈರ್ಯವೂ ಇಲ್ಲದ ಹೇಡಿಗಳು. ರಾತ್ರಿಯೆಲ್ಲ ನಿದ್ದೆಯಿಲ್ಲದೆ ಹಲ್ಲು ಕಚ್ಚಿಕೊಂಡು ಬಿದ್ದಿರುತ್ತಿದ್ದೆ.

ಕಾಕಾನ ಪರ ಸಾಕ್ಷಿ ಹೇಳಲು ಕಾರ್ಮಿಕ ಅಧಿಕಾರಿಯ ಮುಂದೆ ಹಮಾಲರೂ ನಾನೂ ಹೋದೆವು. ಮಾಲೀಕರ ವಕೀಲ ವಿಡಿಯೋ ತೋರಿಸಿ, ಶಿಳ್ಳೆ ಯಾರದೆಂದು ಕೇಳಿದ. ಹೊಡೆದವನೇ ಎದ್ದು ನಿಂತ.

“ನಂದರಿ. ಪಂದ್ಯಾ ಅಂತ ತಿಳದಿದ್ದೆ. ಪಂದ್ಯಾದಾಗ ಸೋತಂವಗ ನೀರ ಕೊಡ್ತಾರ್ರಿ, ಕೆಲಸಾ ಕಸಗೊಳ್ಳೂದಿಲ್ಲ.”

ಕಚೇರಿಯ ಕಿಟಕಿಯಿಂದ ನಾನು ಕೇಳಿದ್ದ ಆ ಹುಕುಮನ್ನು ಒಂದಕ್ಷರ ಬಿಡದೆ ಹೇಳಿದೆ. ಮಾಲೀಕರ ಮಗ ನನ್ನನ್ನೇ ನೋಡುತ್ತಿದ್ದ. ಮರುದಿನ ನನ್ನ ಕೆಲಸವೂ ಹೋಯಿತು. ಕಾಕಾನ ವಿಷಯ ಕೋರ್ಟಿಗೆ ಹೋಗುತ್ತದೆಂದು ತಿಳಿದಾಗ ಮಾತ್ರ ಮಾಲೀಕರು ಬಗ್ಗಿ, ಅವರನ್ನು ಮರಳಿ ತೆಗೆದುಕೊಳ್ಳಲು ಒಪ್ಪಿದರು. ಕ್ಷಮೆ ಕೇಳಲಿಲ್ಲ.

ಅವರು ಕೆಲಸಕ್ಕೆ ಮರಳಿದ ದಿನ ಗೇಟಿನವರೆಗೆ ಜೊತೆಗೆ ಹೋದೆ. ಕತ್ತಿಗೆ ಪಟ್ಟಿ ಇತ್ತು. ತಿರುಗಿ ನೋಡಲು ಇಡೀ ಮೈ ತಿರುಗಿಸಿದರು.

“ನಿಂದೂ ಹೋತಲ್ಲವಾ.”

“ಹೋಗ್ಲಿ ಬಿಡ್ರಿ ಕಾಕಾ.”

“ಹಂಗ ಬಿಡಬ್ಯಾಡ. ನಿಂದೂ ಕೇಳೂಣು, ನಾ ಬರ್ತೀನಿ ಸಾಕ್ಷಿಗೆ.”

ಆ ರಾತ್ರಿ ಸಿಟ್ಟು ಇಳಿಯದೆಯೇ ನಿದ್ದೆ ಹತ್ತಿತು. ಅವ್ವ ಎಬ್ಬಿಸಿದಾಗ ಬಿಸಿಲು ಅಂಗಳ ತುಂಬಿತ್ತು.