ಹತ್ತು ದಿನದ ಬಣ್ಣ

ಕರುಣಾಕರನ ಎದುರು ಯಾರೂ ರೈಲಿನ ನೀಲಿ ಬೋಗಿಯನ್ನು ಹೊಗಳಬಾರದು. ಹೊಗಳಿದಿರೋ, ಕೈಯಲ್ಲಿನ ಕಾಫಿ ತಣ್ಣಗಾಗುವವರೆಗೆ ಅವನ ಬೈಗುಳ ಕೇಳಬೇಕು. ಸಿಡ್ನಿಯ ಟೂಂಗಾಬಿ ಬಡಾವಣೆಯ ಕನ್ನಡದವರಿಗೆಲ್ಲ ಇದು ಗೊತ್ತು. ಹೊಸದಾಗಿ ಬಂದ ಲಕ್ಷ್ಮೀಶನಿಗೆ ಗೊತ್ತಿರಲಿಲ್ಲ, ಪಾಪ. ಗೌರಿ ಹಬ್ಬದ ಊಟಕ್ಕೆ ಪಕ್ಕದಲ್ಲಿ ಕೂತು "ಬ್ಲೂ ಕೋಚ್ ಸಖತ್ತಾಗಿತ್ತು ಅಲ್ವಾ ಅಂಕಲ್" ಅಂದುಬಿಟ್ಟ. ಪಾಯಸ ಬರುವ ತನಕ ಅವನಿಗೆ ಬಿಡುಗಡೆ ಸಿಗಲಿಲ್ಲ.

ರೈಲೆಂದರೆ ಕೆಂಪು, ಅಷ್ಟೇ. ಕಾರ್ಕಳದ ಕಡೆಯಿಂದ ಹತ್ತೊಂಬತ್ತನೇ ವಯಸ್ಸಿಗೆ ರೈಲ್ವೆ ವರ್ಕ್‌ಶಾಪಿನ ಬಣ್ಣದ ಶೆಡ್ಡಿಗೆ ಖಲಾಸಿಯಾಗಿ ಸೇರಿದವನು ಅವನು. ನೀಲಿ ಬಂದದ್ದು ಆಮೇಲೆ; ಆಗ ಬೋಗಿಗಳೆಲ್ಲ ಕೆಂಪೇ, ಸುಟ್ಟ ಇಟ್ಟಿಗೆಗಿಂತ ಒಂದು ಪಾಲು ಗಾಢವಾದ ಕೆಂಪು. ಹಳೇ ಬಣ್ಣ ಕೆರೆದು, ಪುಟ್ಟಿ ಮೆತ್ತಿ, ಉಜ್ಜಿ, ಪ್ರೈಮರ್ ಹೊಡೆದು, ಮೇಲೆ ಎರಡು ಕೋಟು. ಅಲ್ಲಿನ ಮೇಸ್ತ್ರಿ ಹಿರಿಯಣ್ಣ ಎಂಬ ಮೈಸೂರಿನ ಕಡೆಯ ಮನುಷ್ಯ. ಹರಿತ ನಾಲಿಗೆ, ನಗು ಅಪರೂಪ. ಬೋಗಿ ಮುಗಿಯಿತೆಂದರೆ ಅವರು ಕಣ್ಣು ಮುಚ್ಚಿ, ಬೆರಳುಗಳ ಹಿಂಬದಿಯನ್ನು ತಗಡಿಗೆ ತಾಗಿಸಿಕೊಂಡು, ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಆಮೇಲೆ ಬರುತ್ತಿದ್ದುದು ಎರಡೇ ಮಾತು. "ಪಾಸ್." ಇಲ್ಲವೇ "ಇನ್ನೊಂದ್ಸಲ."

ಕರುಣಾಕರನಿಗೆ ಹದಿಮೂರು ವರ್ಷವೂ "ಇನ್ನೊಂದ್ಸಲ"ವೇ. ಅವನ ಕೈ ಒಳ್ಳೆಯದೇ, ಆದರೆ ಕಾಯುವ ಜಾಯಮಾನವಲ್ಲ. ಒಳಗಿನ ಕೋಟು ಹಸಿಯಿರುವಾಗಲೇ ಮೇಲಿನದು ಹೊಡೆಯುತ್ತಿದ್ದ. "ಆತುರಗೆಟ್ಟೋನೇ, ನಿನ್ನ ಮದುವೆ ಮುಹೂರ್ತ ಮೀರ್ತಾ ಇದ್ಯಾ?" ಎಂದು ಹಿರಿಯಣ್ಣ ಇಡೀ ಶೆಡ್ಡಿಗೆ ಕೇಳುವಂತೆ ಬೈಯುತ್ತಿದ್ದರು. ಮಸ್ಕತ್ತಿಗೆ ಹೋಗುವ ಮುನ್ನ ಅವನು ಹೊಡೆದ ಕೊನೆಯ ಬೋಗಿಗೂ ಅದೇ ಮಾತು ಸಿಕ್ಕಿತು. ಅದು ಅವನಿಗೆ ಇವತ್ತಿಗೂ ಉರಿಯುತ್ತದೆ.

ಮಸ್ಕತ್ತಿನಿಂದ ಸಿಡ್ನಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಈಗ ಅರವತ್ತೊಂದು. ವಾರವೆಲ್ಲ ಅವನ ಕೆಲಸ ಗುದ್ದಿಸಿಕೊಂಡು ಬಂದ ಕಾರುಗಳಿಗೆ ಬಣ್ಣ ಹೊಡೆಯುವುದು. ಶನಿವಾರ, ಭಾನುವಾರ ಮನೆಯ ಗರಾಜಿನಲ್ಲಿ ಗೇಣುದ್ದದ ಮಾಡೆಲ್ ಬೋಗಿಗಳನ್ನು ಇಟ್ಟುಕೊಂಡು ಕೂರುತ್ತಾನೆ. ಹಿರಿಯಣ್ಣನವರೂ ಇದೇ ದೇಶಕ್ಕೆ ಬಂದರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಆರತಿ ಅವರನ್ನು ಮೆಲ್ಬರ್ನಿನ ಕ್ರಾನ್‌ಬರ್ನ್‌ಗೆ ಕರೆಸಿಕೊಂಡಿದ್ದಳು. ಸಕ್ಕರೆ ಕಾಯಿಲೆ ಎರಡೂ ಕಣ್ಣು ತಿಂದುಹಾಕಿತ್ತು. ಭಾನುವಾರಕ್ಕೊಮ್ಮೆ ಫೋನು, ಫೋನಿನಲ್ಲಿ ಜಗಳ. ಆ ಜಗಳವಿಲ್ಲದೆ ಇಬ್ಬರಿಗೂ ವಾರ ಕಳೆಯುತ್ತಿರಲಿಲ್ಲ.

ಒಂದು ದಿನ ಮಾಡೆಲ್ ರೈಲಿನ ಪ್ರದರ್ಶನದಲ್ಲಿ, ಹಳೇ ಸಾಮಾನಿನ ಮೇಜಿನ ಮೇಲೆ, ಭಾರತದ ರೈಲಿನ ನಾಲ್ಕು ಮಾಡೆಲ್ ಬೋಗಿ ಕಂಡವು. ನಾಲ್ಕೂ ನೀಲಿ! ಕರುಣಾಕರ ಅವನ್ನು ಎತ್ತಿಕೊಂಡು ಬಂದು ಅಲ್ಲೇ ಕಾರಿನಲ್ಲಿ ಕೂತು ಫೋನು ಮಾಡಿದ.

"ಮೇಸ್ತ್ರಿಗಳೇ, ನಮ್ಮ ಕೆಂಪು ಹೊಡೆದು ತಂದು ತೋರಿಸ್ತೀನಿ."

"ನನಗೇನು ತೋರಿಸ್ತೀಯೋ? ಕೈಗೆ ಕೊಡು, ನೋಡ್ತೀನಿ. ಪಾಸ್ ಆದ್ರೆ ಹೇಳ್ತೀನಿ."

ಅಷ್ಟು ಸಾಕಾಯಿತು. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನಲ್ಲಿ ಈ ಮನುಷ್ಯನಿಗೆ ಬೇಕಾದದ್ದು ಆ ಒಂದು ಮಾತು. ನಗುವವರು ನಗಲಿ. ಅವನು ನೀಲಿಯನ್ನೆಲ್ಲ ಸ್ಪಿರಿಟ್ಟಿನಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದ. ಹನ್ನೊಂದು ಸಲ ಬೆರೆಸಿದ ಮೇಲೆ ಆ ಕೆಂಪು ಬಂತು. ಗಂಟೆಯಲ್ಲಿ ಒಣಗುವ ಅಕ್ರಿಲಿಕ್ ಹೊಡೆಯಬಹುದಿತ್ತು. ಆದರೆ ಆ ಮುದುಕರ ಬೆರಳಿಗೆ ಮೋಸ ಮಾಡುವುದುಂಟೇ? ಶೆಡ್ಡಿನಲ್ಲಿ ಹೊಡೆಯುತ್ತಿದ್ದ ಎನಾಮಲ್ಲೇ ಆಗಬೇಕು. ಎನಾಮಲ್ ಮೇಲುಮೇಲೆ ಎರಡು ದಿನಕ್ಕೆ ಒಣಗುತ್ತದೆ, ಒಳಗೆ ಗಟ್ಟಿಯಾಗಲು ಹತ್ತು ದಿನ ಬೇಕು. ಕಾರಾದರೆ ಒಲೆಯಂಥ ಬೂತಿನೊಳಗೆ ನಿಲ್ಲಿಸಿ ಅರ್ಧ ಗಂಟೆಯಲ್ಲಿ ಬೇಯಿಸಿಬಿಡುತ್ತಾರೆ. ಪ್ಲಾಸ್ಟಿಕ್ ಬೋಗಿಯನ್ನು ಅದರಲ್ಲಿಟ್ಟರೆ ಮುದುಡಿ ಮುದ್ದೆಯಾಗುತ್ತದೆ.

ಕೊನೆಯ ಕೋಟಿಗೆ ಎಲ್ಲ ಸಿದ್ಧವಾಗಿದ್ದ ಸೋಮವಾರ ಆರತಿಯ ಫೋನು ಬಂತು.

"ಅಂಕಲ್, ಅಪ್ಪ ಊಟ ಬಿಟ್ಟಿದಾರೆ. ಇನ್ನು ಒಂದು ವಾರ ಇದ್ರೆ ಹೆಚ್ಚು ಅಂತಿದಾರೆ ಡಾಕ್ಟರ್. ಅವರು ಮಾತ್ರ ಕರುಣಾನ ರೈಲು ಬಂತಾ ಅಂತ ದಿನಾ ಕೇಳ್ತಾರೆ."

ಮಂಗಳವಾರ ಕೆಂಪು ಹೊಡೆದ. ಶನಿವಾರ ಬೆಳಿಗ್ಗೆ ಹೊರಡುವುದೆಂದು ತೀರ್ಮಾನಿಸಿದ. ನಾಲ್ಕೇ ದಿನ. ಅವನಿಗೆ ತಿಳಿಯದ್ದೇನಲ್ಲ. ಅದಕ್ಕೇ ಬೋಗಿಗಳ ಮೈಗೆ ಏನೂ ತಾಗದಂತೆ, ಚಕ್ರಗಳನ್ನಷ್ಟೇ ಹಿಡಿದಿಡುವ ಮರದ ಪೆಟ್ಟಿಗೆಯೊಂದನ್ನು ಮಾಡಿದ್ದ. ಶನಿವಾರ ನಸುಕಿಗೆ ಅವುಗಳನ್ನು ಅದರೊಳಗೆ ಕೂರಿಸಿ, ಪೆಟ್ರೋಲು ಹಾಕಿಸಲು ಹೋದ.

ಅವನ ಹೆಂಡತಿ ಜಲಜಾ ಪೆಟ್ಟಿಗೆಯನ್ನು ಮೆಲ್ಲಗೆ ಅಲುಗಾಡಿಸಿ ನೋಡಿದಳು. ಬೋಗಿಗಳು ಕಟಕಟ ಅಂದವು. ಒಂಬೈನೂರು ಕಿಲೋಮೀಟರು ಹೋಗಬೇಕಾದ ದಾರಿ. ಅವಳ ತವರಿನಲ್ಲಿ ಬೆಳ್ಳಿಯ ದೀಪವಾಗಲಿ, ಆಗತಾನೇ ಹುಟ್ಟಿದ ಕೂಸಾಗಲಿ, ಜೋಪಾನ ಮಾಡಬೇಕಾದ್ದನ್ನೆಲ್ಲ ಸುತ್ತುವುದು ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯಲ್ಲಿ. ಅವಳು ಅಮ್ಮನ ಹಳೇ ಸೀರೆ ತೆಗೆದು, ನಾಲ್ಕು ತುಂಡು ಮಾಡಿ, ಒಂದೊಂದು ಬೋಗಿಯನ್ನೂ ಬಿಗಿಯಾಗಿ ಸುತ್ತಿ, ಮತ್ತೆ ಅಲ್ಲೇ ಇಟ್ಟು ಮುಚ್ಚಿದಳು. ಅವಳಿಗೆ ಅಮ್ಮನದೆಂದು ಉಳಿದಿದ್ದದ್ದು ಆ ಸೀರೆಯೊಂದೇ.

ಕರುಣಾಕರ ಕ್ರಾನ್‌ಬರ್ನ್ ಮುಟ್ಟಿದಾಗ ಸಂಜೆ ನಾಲ್ಕು, ನಲವತ್ತು ಡಿಗ್ರಿ ಬಿಸಿಲು. ಆರತಿಯ ಮನೆಯ ಮುಂದೆ ಕಾರು ನಿಲ್ಲಿಸಿ ಪೆಟ್ಟಿಗೆ ತೆರೆದ. ಬಟ್ಟೆ ಕಂಡಿತು. ಬಿಡಿಸುವಾಗ ಅದು ಸಣ್ಣಗೆ ಚರ್ ಎಂದು ಮೈಬಿಟ್ಟು ಬಂತು. ಕೆಂಪಿನ ಮೇಲೆ ಉದ್ದಕ್ಕೂ ನೇಯ್ಗೆಯ ಅಚ್ಚು, ಅಡ್ಡ ಎಳೆ, ಉದ್ದ ಎಳೆ. ನಾಲ್ಕರಲ್ಲಿ ಒಂದೂ ಉಳಿದಿರಲಿಲ್ಲ.

ಅಲ್ಲಿಂದಲೇ ಫೋನು ಮಾಡಿದ. "ಯಾರು ಹೇಳಿದ್ದು ನಿಂಗೆ ಮುಟ್ಲಿಕ್ಕೆ? ಯಾರು ಹೇಳಿದ್ದು?"

"ಎಂತ ಆಯ್ತು? ಪೆಟ್ಟಾಗ್ಬಾರ್ದು ಅಂತ ಸುತ್ತಿದ್ದು ಮಾರಾಯ್ರೆ..."

"ಹಾಳು ಮಾಡಿದೆ. ಎಲ್ಲ ಹಾಳು ಮಾಡಿದೆ ನೀನು."

ಆ ಕಡೆ ಜಲಜಾ ಅಳುವುದು ಕೇಳಿಸಿತು. ಅವನು ಫೋನು ಇಟ್ಟುಬಿಟ್ಟ. ಬೈಯಬೇಕಾದದ್ದು ಅವಳನ್ನಲ್ಲ, ನಾಲ್ಕೇ ದಿನಕ್ಕೆ ಹೊರಟ ತನ್ನನ್ನು ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೈದಿದ್ದ.

ಮುಂದಿನ ಕೋಣೆಯಲ್ಲಿ ಹಾಸಿಗೆ ಹಾಕಿದ್ದರು. ಹಿರಿಯಣ್ಣ ಎಂದರೆ ಈಗ ಎಲುಬು, ಅದರ ಮೇಲೊಂದು ಹೊದಿಕೆ. ದನಿ ಗುರುತಿಸಿ ಕೈ ಚಾಚಿದರು. "ಕೊಡು."

ಕೊಡದೆ ಇರಬಹುದಿತ್ತು. ದಾರಿಯಲ್ಲಿ ಮುರಿಯಿತೆಂದು ಸುಳ್ಳು ಹೇಳಬಹುದಿತ್ತು. ಆ ಕೈಯ ಮುಂದೆ ಅವನಿಗೆ ಸುಳ್ಳು ಬರಲಿಲ್ಲ. ಒಂದು ಬೋಗಿಯನ್ನು ಅವರ ಎದೆಯ ಮೇಲೆ ಇಟ್ಟ. ಮುದುಕರು ಕುರುಡುಗಣ್ಣನ್ನು ಮುಚ್ಚಿಕೊಂಡರು, ಅಭ್ಯಾಸ ಬಲ. ಬೆರಳುಗಳ ಹಿಂಬದಿ ಈ ತುದಿಯಿಂದ ಆ ತುದಿಗೆ ಹೋಯಿತು.

"ಬಟ್ಟೆ ಸುತ್ತಿದೀಯ."

"ಹೌದು."

"ಎಷ್ಟು ದಿನ ಆಗಿತ್ತು?"

"ನಾಲ್ಕು."

"ಆತುರಗೆಟ್ಟೋನು." ಉಸಿರೆಳೆದುಕೊಂಡರು. "ಇನ್ನೊಂದ್ಸಲ."

"ಆಯ್ತು ಮೇಸ್ತ್ರಿಗಳೇ."

"ಹತ್ತು ದಿನ ಬಿಡು. ನಾನಿರ್ತೀನಿ. ಆತುರ ಮಾಡಬೇಡ."

ಬಾಗಿಲ ಹೊರಗೆ ಆರತಿ ಅವನ ತೋಳು ಹಿಡಿದಳು. "ಅಂಕಲ್, ಪಾಸ್ ಅಂತ ಹೇಳಿದ್ರು ಅಂದ್ಕೊಂಡುಬಿಡಿ. ಇಲ್ಲೇ ಇರಿ. ಎರಡು ಮೂರು ದಿನ ಅಷ್ಟೇ ಅಂತ ನರ್ಸ್ ಹೇಳಿದಾರೆ."

"ಅವರು ಹತ್ತು ಅಂದಿದಾರಮ್ಮ," ಅಂದ ಕರುಣಾಕರ. ಭಾನುವಾರ ಬೆಳಿಗ್ಗೆ ಸಿಡ್ನಿಯ ದಾರಿ ಹಿಡಿದ. ಅವನು ಅಲ್ಲೇ ಉಳಿಯಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಆದರೆ ಹದಿಮೂರು ವರ್ಷ ಆ ಮಾತು ಕೇಳಿ ಮತ್ತೆ ಬ್ರಷ್ಷು ಎತ್ತಿದವನಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಮನೆಯಲ್ಲಿ ಜಲಜಾ ಮಾತಾಡಲಿಲ್ಲ, ಅವನೂ ಆಡಲಿಲ್ಲ. ಕೆಲಸಕ್ಕೆ ರಜೆ ಹಾಕಿ ಮತ್ತೆ ಸ್ಪಿರಿಟ್ಟು, ಮತ್ತೆ ಬ್ರಷ್ಷು, ಮತ್ತೆ ಪ್ರೈಮರ್. ಈ ಸಲ ಒಂದೊಂದು ಕೋಟಿಗೂ ಕಾದ. ಗುರುವಾರ ಕೆಂಪು ಹೊಡೆದ. ಅಂಥ ಕೈ ಅವನಿಗೆ ಜೀವಮಾನದಲ್ಲೇ ಬಂದಿರಲಿಲ್ಲ, ಅದು ಅವನಿಗೂ ತಿಳಿಯಿತು. ಗರಾಜಿನ ಬಾಗಿಲೆಳೆದು ಹೊರಗೆ ಬಂದ.

ಶನಿವಾರ ಬೆಳಿಗ್ಗೆ ಆರತಿ ಫೋನು ಮಾಡಿದಳು. ಅಪ್ಪ ಹೋದರು ಎಂದಳು. ಆಮೇಲೆ ಅಳುತ್ತಲೇ ಹೇಳಿದಳು, "ನೆನ್ನೆ ಕೇಳಿದ್ರು ಅಂಕಲ್, ಎಷ್ಟನೇ ದಿನ ಅಂತ. ಸುಳ್ಳೇ ಎಂಟು ಅಂದುಬಿಟ್ಟೆ. ಇನ್ನೆರಡೇ ಅಲ್ವಾ ಅಂದ್ರು."

ಮಂಗಳವಾರಕ್ಕೆ ಸಂಸ್ಕಾರ. ವಿಮಾನಕ್ಕೆ ಹೊರಟು ನಿಂತವನಿಗೆ ಜಲಜಾ ಹತ್ತು ದಿನದಲ್ಲಿ ಮೊದಲ ಸಲ ಬಾಯಿಬಿಟ್ಟಳು. "ತಕೊಂಡು ಹೋಗಿ ಆ ರೈಲನ್ನು. ಅವರೊಟ್ಟಿಗೆ ಇಟ್ಟುಬಿಡಿ."

"ಒಣಗಿಲ್ಲ."

"ಇನ್ನೆಂತ ಒಣಗುದು ಮಾರಾಯ್ರೆ? ನೋಡುವವರು ಹೋದ್ರಲ್ಲ!"

"ಒಣಗಿಲ್ಲ ಜಲಜಾ," ಅಂದ. ಬರಿಗೈಯಲ್ಲೇ ಹೋದ.

ಮೆಲ್ಬರ್ನಿನ ಚಿತಾಗಾರದ ಹಾಲ್‌ನಲ್ಲಿ ಇಪ್ಪತ್ತು ಜನರಿದ್ದರೇನೋ. ಎಲ್ಲರೂ ಹೂ ಹಾಕಿ ಸರಿದರು. ಕರುಣಾಕರ ಕೊನೆಯವನು. ಶವಪೆಟ್ಟಿಗೆ ಹೊಳೆಯುತ್ತಿತ್ತು. ಅವನು ಕಣ್ಣು ಮುಚ್ಚಿ, ಬೆರಳುಗಳ ಹಿಂಬದಿಯನ್ನು ಅದರ ಮೈಗೆ ತಾಗಿಸಿ, ತಲೆಯ ಕಡೆಯಿಂದ ಕಾಲಿನ ಕಡೆಗೆ ನಿಧಾನವಾಗಿ ನಡೆದ. ಎಲ್ಲೂ ಒಂದು ಎಳೆಯಿಲ್ಲ, ಧೂಳಿನ ಒಂದು ಕಣವಿಲ್ಲ.

"ಏನಾಯ್ತು ಅಂಕಲ್?" ಎಂದು ಆರತಿ ಹತ್ತಿರ ಬಂದಳು.

"ಏನಿಲ್ಲಮ್ಮ. ಇದನ್ನ ಯಾರೋ ಪೂರ್ತಿ ಒಣಗೋಕೆ ಬಿಟ್ಟಿದಾರೆ," ಅಂದವನು ಅಲ್ಲೇ ಪೆಟ್ಟಿಗೆ ಹಿಡಿದುಕೊಂಡು ಗೊಳೋ ಎಂದು ಅತ್ತ. ಟೂಂಗಾಬಿಯ ಗರಾಜಿನಲ್ಲಿ ಬೋಗಿಗಳಿಗೆ ಇನ್ನೂ ಐದು ದಿನ ಬೇಕಿತ್ತು.